ಬಾಡಿಗೆ ಖೋಲಿಗೊಂದು ಕರಾರುಪತ್ರ

ಹೊಂಬಳದ ಸುತ್ತಿನ ಎರೆಭೂಮಿಯಲ್ಲಿ ಹಿಂಗಾರಿಯ ಬಿಳಿಜೋಳವೂ ಕಡಲೆಯೂ ಕೊಯ್ಲಾಗಿ, ಕಣಗಳು ಬರಿದಾಗಿ, ಇನ್ನು ಮಿರಗದ ಮಳೆಯವರೆಗೆ ಕೂಲಿಯವರಿಗೆ ಕೈತುಂಬ ಕೆಲಸವಿಲ್ಲವೆಂಬುದು ನಿಶ್ಚಯವಾದೊಡನೆ, ಈ ಸೀಮೆಯ ಎಷ್ಟೋ ಕುಟುಂಬಗಳು ಮುದುಕರನ್ನೂ ಶಾಲೆಗೆ ಹೋಗುವ ಮಕ್ಕಳನ್ನೂ ಊರಲ್ಲಿ ಬಿಟ್ಟು, ಗಂಟುಮೂಟೆಗಳೊಡನೆ ಗದಗದ ನಿಲ್ದಾಣದಲ್ಲಿ ಗೋವೆಯ ರೈಲನ್ನೋ, ಮಂಗಳೂರು ಬೆಂಗಳೂರುಗಳ ಬಸ್ಸನ್ನೋ ಹತ್ತುವುದು ತಲೆಮಾರುಗಳಿಂದ ನಡೆದುಬಂದ ಸಂಗತಿಯಾಗಿದೆ. ಗುಳೆ ಹೋಗುವುದೆಂದು ನಾವೆಲ್ಲರೂ ಬಲ್ಲ ಈ ವಲಸೆಯ ಬಗ್ಗೆ ಬರಗಾಲದ ವರ್ಷಗಳಲ್ಲಿ ಮರುಕದ ಮಾತುಗಳು ಹೇರಳವಾಗಿ ಕೇಳಿಬರುತ್ತವೆ. ಆದರೆ ಹೀಗೆ ಹೊರಟವರು ಹೋಗಿ ಇಳಿಯುವ ಊರಿನಲ್ಲಿ ಅವರ ತಲೆಯ ಮೇಲಿನ ಸೂರು ಯಾವ ಕಾಯಿದೆಗೆ ಒಳಪಟ್ಟುದು, ಅವರಿಗೆ ಖೋಲಿ ಕೊಡುವ ಮಾಲಕನ ಹೊಣೆಯೇನು, ಅವರನ್ನು ದುಡಿಸಿಕೊಳ್ಳುವ ಉದ್ಯಮದ ಹೊಣೆಯೇನು ಎಂಬ ವಿಚಾರವನ್ನು ಮಾತ್ರ ನಾವು ಹೆಚ್ಚಾಗಿ ಎತ್ತಿಕೊಂಡಿಲ್ಲ. ಕಳೆದ ಎರಡು ಮೂರು ವರ್ಷಗಳಲ್ಲಿ ಈ ಮೂವರನ್ನೂ ಕುರಿತ ಶಾಸನಗಳು ಒಂದರ ಮೇಲೊಂದು ಬದಲಾಗಿರುವುದರಿಂದ, ಈಗಲಾದರೂ ಅದನ್ನು ವಿಚಾರಿಸುವುದು ಅವಶ್ಯ.

ಮೊದಲು ಗೋವೆಯ ಸಂಗತಿ. ಅಲ್ಲಿನ ವಿಧಾನಸಭೆಯು 2024ರಲ್ಲಿ ಬಾಡಿಗೆದಾರರ ಪರಿಶೀಲನೆಯ ಮಸೂದೆಯನ್ನು ಅಂಗೀಕರಿಸಿ, ಖೋಲಿಯನ್ನು ಬಾಡಿಗೆಗೆ ಕೊಟ್ಟ ಮಾಲಕನು ಬಾಡಿಗೆದಾರನ ವಿವರಗಳನ್ನು ಪೋಲೀಸರಿಗೆ ಒಪ್ಪಿಸತಕ್ಕದ್ದೆಂದೂ, ತಪ್ಪಿದಲ್ಲಿ ಹತ್ತು ಸಾವಿರ ರೂಪಾಯಿಗಳವರೆಗೆ ದಂಡ ತೆರತಕ್ಕದ್ದೆಂದೂ ವಿಧಿಸಿತು. 2025ರಲ್ಲಿ ಅದೇ ಸಭೆಯು ಭೂಕಂದಾಯ ಸಂಹಿತೆಗೆ ತಿದ್ದುಪಡಿ ತಂದು, ಸರಕಾರಿ ಜಮೀನಿನಲ್ಲಿ 28 ಫೆಬ್ರವರಿ 2014ಕ್ಕಿಂತ ಮೊದಲು ಕಟ್ಟಿಕೊಂಡ ವಾಸದ ಮನೆಗಳನ್ನು ಸಕ್ರಮಗೊಳಿಸುವ ದಾರಿಯನ್ನು ತೆರೆಯಿತು. ಆದರೆ ಅರ್ಜಿದಾರನು ಹದಿನೈದು ವರ್ಷಗಳಿಂದ ಗೋವೆಯ ನಿವಾಸಿಯಾಗಿರಬೇಕೆಂಬ ನಿಬಂಧನೆಯನ್ನೂ ಜೊತೆಗಿರಿಸಿತು. ವಾಸ್ಕೋದ ಬೈನಾ ಕಡಲತೀರದಲ್ಲಿ ಮನೆಗಳನ್ನು ಕೆಡವಿದ 2017ರ ಸೆಪ್ಟೆಂಬರ್ ತಿಂಗಳನ್ನು ಉತ್ತರ ಕರ್ನಾಟಕದ ಜನ ಇನ್ನೂ ಮರೆತಿಲ್ಲ. ಅಂದು ಬೀದಿಗೆ ಬಿದ್ದವರಲ್ಲಿ ಬಹುಮಂದಿ ಕನ್ನಡಿಗರು. ಎಷ್ಟೋ ವರ್ಷ ಅಲ್ಲಿಯೇ ಬಾಳಿದ್ದರೂ ತಾವು ಇಷ್ಟು ಕಾಲದಿಂದ ಇಲ್ಲಿರುವೆವೆಂದು ಸಾಧಿಸಿ ತೋರಿಸುವುದು ಇಂಥವರಿಗೆ ಎಷ್ಟು ದುಸ್ಸಾಧ್ಯವೆಂಬುದನ್ನು ಆ ಪ್ರಸಂಗ ಕಣ್ಣಿಗೆ ಕಟ್ಟಿಸಿತು. ಹದಿನೈದು ವರ್ಷದ ವಾಸ್ತವ್ಯವನ್ನು ಕೇಳುವ ಕಾಯಿದೆಯ ಮುಂದೆ, ಹದಿನೈದು ವರ್ಷವೂ ಬಾಡಿಗೆ ಕೊಟ್ಟು ಒಂದು ಪಾವತಿಯನ್ನೂ ಪಡೆಯದವನು ಏನನ್ನು ತೋರಿಸಿಯಾನು?

ಇದು ಗೋವೆಯ ಮೇಲೆ ದೋಷಾರೋಪಣೆ ಹೊರಿಸುವ ಮಾತಲ್ಲ. ನಮ್ಮ ರಾಜ್ಯವೂ ಇದೇ ಹದಿನೈದರ ಅಳತೆಯನ್ನು ಕೈಗೆತ್ತಿಕೊಂಡದ್ದುಂಟು. 2024ರ ಜುಲೈಯಲ್ಲಿ ಕರ್ನಾಟಕದ ಮಂತ್ರಿಮಂಡಲವು ಖಾಸಗಿ ಉದ್ಯಮಗಳಲ್ಲಿ ಆಡಳಿತದ ಹುದ್ದೆಗಳ ಪೈಕಿ ಶೇಕಡಾ 50ನ್ನೂ ಉಳಿದ ಹುದ್ದೆಗಳ ಪೈಕಿ ಶೇಕಡಾ 70ನ್ನೂ ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ಸಮ್ಮತಿಯಿತ್ತಾಗ, ಸ್ಥಳೀಯನೆಂದರೆ ಈ ರಾಜ್ಯದಲ್ಲಿ ಹುಟ್ಟಿ, ಹದಿನೈದು ವರ್ಷ ಇಲ್ಲಿ ನೆಲಸಿ, ಕನ್ನಡವನ್ನು ಓದಿ ಬರೆದು ಆಡಬಲ್ಲವನೆಂದು ವ್ಯಾಖ್ಯಾನಿಸಲಾಗಿತ್ತು. ಉದ್ಯಮಿಗಳ ವಿರೋಧದಿಂದ ಎರಡು ಮೂರು ದಿನಗಳಲ್ಲಿಯೇ ಆ ಮಸೂದೆಯನ್ನು ತಡೆಹಿಡಿಯಲಾಯಿತು. ನಾಡಿನ ತರುಣರಿಗೆ ನಾಡಿನ ಉದ್ಯಮಗಳಲ್ಲಿ ಸ್ಥಾನವಿರಬೇಕೆಂಬ ಬಯಕೆ ಅನ್ಯಾಯದ್ದಲ್ಲ. ಅದನ್ನು ನಾನು ಮನಃಪೂರ್ವಕವಾಗಿ ಒಪ್ಪುವವನು. ಆದರೆ ಬೆಂಗಳೂರಿನಲ್ಲಿ ನಾವು ಒಡಿಶಾ ಬಿಹಾರಗಳವನ ಮುಂದಿಡುವ ಅಳತೆಗೋಲನ್ನು ವಾಸ್ಕೋದಲ್ಲಿ ಇತರರು ನಮ್ಮವನ ಮುಂದಿಟ್ಟಾಗ ಮಾತ್ರ ನೋಯುವುದು ನ್ಯಾಯಬುದ್ಧಿಯ ಲಕ್ಷಣವಲ್ಲ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ತನ್ನ ಹತ್ತೊಂಬತ್ತನೆಯ ಅನುಚ್ಛೇದದಲ್ಲಿ ಭಾರತದ ಯಾವುದೇ ಭಾಗದಲ್ಲಿ ಸಂಚರಿಸುವ, ವಾಸಿಸುವ, ನೆಲೆಗೊಳ್ಳುವ ಸ್ವಾತಂತ್ರ್ಯವನ್ನು ನಾಗರಿಕನಿಗೆ ಕೊಟ್ಟಾಗ, ವಾಸ್ತವ್ಯದ ವರ್ಷಗಳನ್ನು ಎಣಿಸಿ ಕೊಡಲಿಲ್ಲ.

ಈ ಸೀಮೆಯವರಿಗಂತೂ ಎಲ್ಲೆಗಳ ವಿಷಯ ಪುಸ್ತಕದಿಂದ ಕಲಿಯಬೇಕಾದುದಲ್ಲ. ಗದಗವೂ ಮುಂಡರಗಿಯೂ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದ ಕಾಲದಲ್ಲಿ ಲಕ್ಷ್ಮೇಶ್ವರವು ಮೀರಜ ಸಂಸ್ಥಾನಕ್ಕೆ ಸೇರಿತ್ತು, ಶಿರಹಟ್ಟಿಯು ಸಾಂಗಲಿಗೆ ಸೇರಿತ್ತು, ಮೂಡಣದ ಕೊಪ್ಪಳ ನಿಜಾಮರದಾಗಿತ್ತು. ಒಂದೇ ಭಾಷೆಯನ್ನಾಡುವ, ಬೀಗತನ ಬೆಳೆಸಿದ, ಒಂದೇ ಸಂತೆಯಲ್ಲಿ ಕೊಂಡು ಮಾರುವ ಜನರು ಒಂದು ದಿನದ ಪ್ರಯಾಣದಲ್ಲಿ ಮೂರು ನಾಲ್ಕು ಪ್ರಭುತ್ವಗಳನ್ನು ದಾಟುತ್ತಿದ್ದರು. 1947-48ರಲ್ಲಿ ರಜಾಕಾರರ ಹಾವಳಿಗೆ ಅಂಜಿ ಕೊಪ್ಪಳದ ಕಡೆಯಿಂದ ಜನರು ಈಚೆಗೆ ಬಂದಾಗ, ಅಳವಂಡಿ ಶಿವಮೂರ್ತಿಸ್ವಾಮಿಗಳ ನೇತೃತ್ವದ ಶಿಬಿರ ನಡೆದದ್ದು ಮುಂಡರಗಿಯಲ್ಲಿ. ಆಗ ಹೀಗೆ ಬಂದವರು ಅಂದಿನ ಶಾಸನದ ದೃಷ್ಟಿಯಲ್ಲಿ ಮತ್ತೊಂದು ರಾಜ್ಯದ ಪ್ರಜೆಗಳು. ನಮ್ಮ ಹಿರಿಯರು ಅವರನ್ನು ಆಶ್ರಯಾರ್ಥಿಗಳೆಂದು ಬರಮಾಡಿಕೊಂಡರು. 1948ರ ಮಾರ್ಚಿನಲ್ಲಿ ದಖ್ಖನದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡು, 1956ರಲ್ಲಿ ಕನ್ನಡ ನಾಡು ಒಂದುಗೂಡಿದ ಮೇಲೆ ಆ ಎಲ್ಲೆಗಳು ನಕಾಶೆಯಿಂದ ಅಳಿದವು. ಎಲ್ಲೆಯಾಚೆಯಿಂದ ಬಂದವನಿಗೆ ನೆರಳು ಕೊಟ್ಟ ಆ ಪರಂಪರೆ ನಮ್ಮದೆಂಬ ಹೆಮ್ಮೆ ಮಾತ್ರ ಅಳಿಯಬೇಕಾದುದಲ್ಲ.

ಇನ್ನು ಉದ್ಯಮಗಳ ಹೊಣೆಯ ವಿಚಾರ. 2025ರ ನವೆಂಬರ್ 21ರಂದು ಇಪ್ಪತ್ತೊಂಬತ್ತು ಕಾರ್ಮಿಕ ಕಾಯಿದೆಗಳ ಸ್ಥಾನದಲ್ಲಿ ನಾಲ್ಕು ಸಂಹಿತೆಗಳು ಜಾರಿಗೆ ಬಂದುವು. ಅಂತರರಾಜ್ಯ ವಲಸೆ ಕಾರ್ಮಿಕರನ್ನು ಕುರಿತ 1979ರ ಕಾಯಿದೆಯೂ ಈಗ ಅವುಗಳಲ್ಲೊಂದರೊಳಗೆ ಲೀನವಾಗಿದೆ. ಹೊಸ ಸಂಹಿತೆಯಲ್ಲಿ ಮೆಚ್ಚತಕ್ಕ ಅಂಶಗಳುಂಟು. ಕೂಲಿಯವರನ್ನು ಕರೆದೊಯ್ಯುವ ಮುಕಾದಮನ ಮೂಲಕವಲ್ಲದೆ ತಾನಾಗಿಯೇ ಕೆಲಸ ಹುಡುಕಿಕೊಂಡು ಹೋದವನನ್ನೂ ಅದು ವಲಸೆ ಕಾರ್ಮಿಕನೆಂದು ಗಣಿಸುತ್ತದೆ. ಪ್ರತಿಯೊಬ್ಬ ಕೆಲಸಗಾರನಿಗೂ ನೇಮಕಾತಿ ಪತ್ರ ಕೊಡತಕ್ಕದ್ದೆನ್ನುತ್ತದೆ. ಊರಿಗೆ ಹೋಗಿಬರುವ ಖರ್ಚನ್ನು ಕೊಡಬೇಕೆನ್ನುತ್ತದೆ. ಆದರೆ ಹಳೆಯ ಕಾಯಿದೆಯು ಐದು ಮಂದಿ ವಲಸೆ ಕಾರ್ಮಿಕರಿದ್ದ ಕಡೆಯಲ್ಲಿಯೇ ಅನ್ವಯಿಸುತ್ತಿದ್ದರೆ ಹೊಸತರ ವಲಸೆಯ ಭಾಗ ಹತ್ತು ಮಂದಿಯಿದ್ದಲ್ಲಿ ಮಾತ್ರ ಅನ್ವಯಿಸುತ್ತದೆ. ಸ್ಥಳಾಂತರದ ಭತ್ಯೆ ಬಿಟ್ಟುಹೋಗಿದೆ. ದುಡಿಸಿಕೊಳ್ಳುವವನೇ ತಕ್ಕ ವಸತಿಯನ್ನು ಒದಗಿಸಬೇಕೆಂದು 1979ರಲ್ಲಿ ಹೇಳಿದ್ದ ಮಾತು ಅಷ್ಟು ಸ್ಪಷ್ಟವಾಗಿ ಈಗ ಉಳಿದಿಲ್ಲ. ಹತ್ತಕ್ಕಿಂತ ಕಡಿಮೆ ಜನರ ಗುಂಪಾಗಿ ಸಣ್ಣ ಗುತ್ತಿಗೆದಾರನ ಕೈಕೆಳಗೆ ಗಾರೆ ಕೆಲಸಕ್ಕೆ ಹೋಗುವವರೇ ನಮ್ಮ ಕಡೆಯಲ್ಲಿ ಬಹಳವಾದುದರಿಂದ ಈ ಬದಲಾವಣೆ ನೇರವಾಗಿ ಅವರನ್ನು ತಟ್ಟುತ್ತದೆ. ಇನ್ನೊಂದು ವಿಸಂಗತಿಯೂ ಇದೆ: ಹೊಂಬಳದಿಂದ ಗೋವೆಗೆ ಹೋದವನು ಅಂತರರಾಜ್ಯ ವಲಸಿಗನು, ಅದಕ್ಕಿಂತ ದೂರದ ಬೆಂಗಳೂರಿಗೆ ಹೋದ ಅವನ ಅಣ್ಣನು, ರಾಜ್ಯದ ಎಲ್ಲೆಯನ್ನು ದಾಟಲಿಲ್ಲವಾದ ಕಾರಣ, ಆ ರಕ್ಷಣೆಗೆ ಹೊರಗಿನವನು.

ವಸತಿಯ ಹೊಣೆ ಉದ್ಯಮದ ಹೆಗಲಿನಿಂದ ಜಾರಿದಾಗ ಅದು ಬಂದು ಬೀಳುವುದು ಮನೆಯ ಮಾಲಕನ ಮೇಲೆ. ಮಾಲಕನಾದರೋ ದಂಡದ ಭಯದಿಂದ ಅದನ್ನು ಬಾಡಿಗೆದಾರನ ಮೇಲೆಯೇ ದಾಟಿಸುತ್ತಾನೆ. ಗುಳೆ ಹೋಗಿಬಂದವರನ್ನು ಈ ಕುರಿತು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: “ಆಧಾರ ಕಾರ್ಡಿನ ಝೆರಾಕ್ಸ್ ಇಸಕೊಂತಾರ್ರೀ, ಫೋಟೋ ಇಸಕೊಂತಾರ, ಮುಕಾದಮನ ಸಹಿ ಕೇಳ್ತಾರ. ನಮ್ಮ ಕೈಯಾಗ ಮಾತ್ರ ಏನೂ ಕೊಡಂಗಿಲ್ಲ.” ಹತ್ತಡಿ ಹನ್ನೆರಡಡಿಯ ಖೋಲಿ, ಮೇಲೆ ತಗಡು, ಹೊರಗಡೆ ನಾಲ್ಕೈದು ಸಂಸಾರಗಳಿಗೆ ಒಂದೇ ನಳ; ಬಾಡಿಗೆ ಪ್ರತಿ ತಿಂಗಳೂ ನಗದಾಗಿ, ಅಥವಾ ಮುಕಾದಮನ ಮೊಬೈಲಿನಿಂದ ಮಾಲಕನ ಮೊಬೈಲಿಗೆ ಸಂದಾಯ. ಮುಂಗಡವೆಷ್ಟು ಕೊಟ್ಟರೆಂಬುದು ಬಾಯಿಮಾತಿನಲ್ಲಿಯೇ ಇರುತ್ತದೆ. ಬಿಟ್ಟುಹೋಗುವಾಗ ಅದು ಹಿಂದಕ್ಕೆ ಬರುವುದೂ ಬಾರದಿರುವುದೂ ಮಾಲಕನ ಧರ್ಮಬುದ್ಧಿಗೆ ಬಿಟ್ಟ ವಿಷಯ. ಎಲ್ಲ ಕಾಗದಗಳೂ ಒಂದೇ ದಿಕ್ಕಿನಲ್ಲಿ ಚಲಿಸುತ್ತವೆ: ಬಡವನಿಂದ ಮಾಲಕನಿಗೆ, ಮಾಲಕನಿಂದ ಠಾಣೆಗೆ. ಅಲ್ಲಿಂದ ಬಡವನ ಕಡೆಗೆ ಒಂದು ಹಾಳೆಯೂ ತಿರುಗಿ ಬರುವುದಿಲ್ಲ. ನನ್ನ ಮಟ್ಟಿಗೆ ಈಚಿನ ಎಲ್ಲ ಶಾಸನಗಳಲ್ಲಿರುವ ಅತಿ ದೊಡ್ಡ ಕೊರತೆಯೆಂದರೆ ಇದೇ.

ಕರ್ನಾಟಕದ ಕಾಯಿದೆಯೇನು ಈ ಕೊರತೆಯನ್ನು ತುಂಬುತ್ತದೆಯೆ? ನಮ್ಮ ಕಡೆಗೆ ಮೊದಲು ಮುಂಬಯಿಯ 1947ರ ಬಾಡಿಗೆ ನಿಯಂತ್ರಣ ಕಾಯಿದೆಯಿತ್ತು. ಆಮೇಲೆ 1961ರ ರಾಜ್ಯ ಕಾಯಿದೆ ಬಂತು. ಅದರ ಸ್ಥಾನದಲ್ಲಿ 1999ರ ಬಾಡಿಗೆ ಕಾಯಿದೆಯು 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಬಾಡಿಗೆಯ ಕರಾರು ಬರಹದಲ್ಲಿರಬೇಕೆಂಬುದು ಅದರ ಆಶಯವಾದರೂ, ಆ ಕಾಯಿದೆಯ ವ್ಯಾಪ್ತಿಯು ಅನುಸೂಚಿಯಲ್ಲಿ ಹೆಸರಿಸಿದ ನಗರ ಪಟ್ಟಣಗಳಿಗೆ ಸೀಮಿತವಾದುದು; ಅಲ್ಲಿಯೂ ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿಗಿಂತ, ಉಳಿದೆಡೆ 2,000 ರೂಪಾಯಿಗಿಂತ ಹೆಚ್ಚಾದ ಮನೆಗಳಿಗೆ ಅದು ಅನ್ವಯಿಸದು; ಅಂಗಡಿಗಳ ಪೈಕಿ 14 ಚದರ ಮೀಟರನ್ನು ಮೀರದವುಗಳಿಗೆ ಮಾತ್ರ ಅದರ ಆಸರೆ. ಇಂದಿನ ಬಾಡಿಗೆಯ ದರಗಳಲ್ಲಿ ಈ ಮಿತಿಗಳೊಳಗೆ ಉಳಿಯುವ ಮನೆಗಳೆಷ್ಟು? ಉಳಿದವರೆಲ್ಲರೂ 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಕೈಯಲ್ಲಿದ್ದಾರೆ. ತಿಂಗಳ ಬಾಡಿಗೆಯವನನ್ನು ಹದಿನೈದು ದಿನಗಳ ನೋಟೀಸಿನಿಂದ ಬಿಡಿಸಬಹುದೆಂಬುದು ಅದರ 106ನೆಯ ಕಲಮಿನ ತಾತ್ಪರ್ಯ. ಕೇಂದ್ರ ಮಂತ್ರಿಮಂಡಲವು 2021ರ ಜೂನ್ ತಿಂಗಳಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯು ಲಿಖಿತ ಕರಾರನ್ನು ಕಡ್ಡಾಯಗೊಳಿಸಿ, ಮನೆಗೆ ಎರಡು ತಿಂಗಳ, ಅಂಗಡಿಗೆ ಆರು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಜಿಟ್ ಕೇಳಕೂಡದೆಂದು ಸೂಚಿಸಿತು. ಮಾದರಿಯೆಂದರೆ ಸಲಹೆ, ಒಪ್ಪುವುದು ಬಿಡುವುದು ಆಯಾ ರಾಜ್ಯದ ಇಚ್ಛೆ.

ಇಲ್ಲಿ ಓದುಗರು, ಗದಗದ ಅಂಗಡಿಕಾರರು ವಿಶೇಷವಾಗಿ, ಈ ಮಾತು ಗುಳೆಯವರಿಗೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯಬಾರದು. ಜಿಎಸ್‌ಟಿ ನೋಂದಣಿಯಿರುವ ವ್ಯಾಪಾರಿಯು ನೋಂದಣಿಯಿಲ್ಲದ ಮಾಲಕನಿಂದ ಮಳಿಗೆಯನ್ನು ಬಾಡಿಗೆಗೆ ಹಿಡಿದರೆ, 2024ರ ಅಕ್ಟೋಬರ್ 10ರಿಂದ ಆ ಬಾಡಿಗೆಯ ಮೇಲಿನ ಶೇಕಡಾ 18ರ ತೆರಿಗೆಯನ್ನು ವ್ಯಾಪಾರಿಯೇ ಕಟ್ಟಬೇಕಾಯಿತು; ರಾಜಿ ತೆರಿಗೆ ಪದ್ಧತಿಯಲ್ಲಿರುವ ಸಣ್ಣ ವ್ಯಾಪಾರಿಗಳನ್ನು ಬಳಿಕ ಅದರಿಂದ ಹೊರಗಿಟ್ಟರು. 2025ರ ಜುಲೈಯಲ್ಲಿ ಯುಪಿಐ ಮೂಲಕ ಬಂದ ಹಣದ ಲೆಕ್ಕವನ್ನು ಹಿಡಿದು ವಾಣಿಜ್ಯ ತೆರಿಗೆ ಇಲಾಖೆಯವರು ಬೇಕರಿ, ಚಹದಂಗಡಿ, ಕಾಯಿಪಲ್ಲೆಯ ಅಂಗಡಿಗಳವರಿಗೆ ನೋಟೀಸು ಕಳಿಸಿದಾಗ, ಎಷ್ಟೋ ಕಡೆ ಕ್ಯೂಆರ್ ಕೋಡಿನ ಹಲಗೆಗಳು ಮರೆಯಾಗಿ “ನಗದು ಮಾತ್ರ” ಎಂಬ ಚೀಟಿಗಳು ಕಾಣಿಸಿಕೊಂಡುವು. ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಇನ್ನು ಮುಂದೆ ನೋಂದಣಿ ಮಾಡಿಸಿಕೊಳ್ಳಿರೆಂದು ಜುಲೈ 23ರಂದು ಮುಖ್ಯಮಂತ್ರಿಗಳು ಹೇಳಿದ ಮೇಲೆ ಕಳವಳ ತಗ್ಗಿತು. ಸರಕುಗಳ ವ್ಯಾಪಾರಕ್ಕೆ 40 ಲಕ್ಷ, ಸೇವೆಗಳಿಗೆ 20 ಲಕ್ಷ ರೂಪಾಯಿಗಳ ವಾರ್ಷಿಕ ವಹಿವಾಟಿನ ಮಿತಿಯನ್ನು ಅರಿಯದವರೇ ಅವರಲ್ಲಿ ಬಹಳ ಮಂದಿ. ಕಾಗದವನ್ನು ಇಟ್ಟುಕೊಳ್ಳದವನು ಸರಕಾರದ ದೃಷ್ಟಿಯಿಂದ ಮರೆಯಾಗಿರಬಹುದೆಂಬ ಕಾಲ ಹೋಯಿತು. ಅವನ ವಿರುದ್ಧದ ದಾಖಲೆ ಬೇರೊಬ್ಬರ ಬಳಿ ತಯಾರಾಗುತ್ತಿರುತ್ತದೆ, ಅವನ ಪರವಾದದ್ದು ಮಾತ್ರ ಎಲ್ಲಿಯೂ ಇರುವುದಿಲ್ಲ.

ದಾಖಲೆಯಿಲ್ಲದವನ ಗತಿಯೇನೆಂಬುದನ್ನು ಈ ಭಾಗದ ರೈತರು ಒಮ್ಮೆ ಚೆನ್ನಾಗಿ ಅನುಭವಿಸಿದ್ದಾರೆ. ದೇವರಾಜ ಅರಸರ ಕಾಲದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಗೇಣಿಯ ಭೂಮಿಗಳನ್ನು ಸರಕಾರದಲ್ಲಿ ವಿಹಿತಗೊಳಿಸಿ, ಉಳುವವನು ಏಳನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ಭೂನ್ಯಾಯಮಂಡಳಿಯಿಂದ ಒಡೆತನ ಪಡೆಯತಕ್ಕದ್ದೆಂದು ವಿಧಿಸಿದಾಗ, ಯಾರ ಹೆಸರು ಉತಾರದಲ್ಲಿ ಸಾಗುವಳಿದಾರನೆಂದು ಬರೆಯಲ್ಪಟ್ಟಿತ್ತೋ, ಯಾರ ಟ್ರಂಕಿನಲ್ಲಿ ಗೇಣಿಯ ಪಾವತಿಗಳು ಕೂಡಿದ್ದವೋ ಅವರ ದಾರಿ ಸುಗಮವಾಯಿತು. ತಲೆಮಾರುಗಳಿಂದ ಅದೇ ಹೊಲವನ್ನು ಉತ್ತು, ಬಾಯಿಮಾತಿನ ಮೇಲೆ ಗೇಣಿಯನ್ನು ಅಳೆದುಕೊಟ್ಟವರು ಸಾಕ್ಷಿಗಳನ್ನು ಹುಡುಕುತ್ತ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು. ಅರ್ಜಿಯ ಅವಧಿ 1979ರ ಜೂನ್ 30ರವರೆಗೆ ವಿಸ್ತರಿಸಲ್ಪಟ್ಟಿತು, ಅಷ್ಟರಲ್ಲಿ ಒಕ್ಕಲೆಬ್ಬಿಸಲ್ಪಟ್ಟವರು ಒಕ್ಕಲೆದ್ದು ಹೋಗಿಯೇ ಇದ್ದರು. ಈ ಶತಮಾನದ ಅತ್ಯಂತ ಉದಾರ ಆಶಯದ ಕಾಯಿದೆಗಳೂ ಕೂಡ ಹಾಗೆಯೇ ವರ್ತಿಸುತ್ತವೆ. ಇವತ್ತಿನ ಗೋವೆಯ ಸಕ್ರಮ ಯೋಜನೆಯಾಗಲಿ, ನಾಳೆ ಕರ್ನಾಟಕ ತರಬಹುದಾದ ಇನ್ನಾವ ಯೋಜನೆಯಾಗಲಿ, ಅದರ ಫಲವು ಕಾಗದವಿದ್ದವನಿಗೇ ಮೊದಲು ದಕ್ಕುವುದು.

ವಿದೇಶೀಯರ ವಿಷಯದಲ್ಲಿ ಬಂದ ಹೊಸ ಶಾಸನವನ್ನೂ ಇದರೊಡನೆ ಸೇರಿಸಿ ನೋಡಬೇಕು. 2025ರ ವಲಸೆ ಮತ್ತು ವಿದೇಶೀಯರ ಕಾಯಿದೆಯು ಸೆಪ್ಟೆಂಬರ್ 1ರಿಂದ ಜಾರಿಗೆ ಬಂದು, 1920, 1939, 1946 ಮತ್ತು 2000ದ ನಾಲ್ಕು ಹಳೆಯ ಕಾಯಿದೆಗಳನ್ನು ತೆಗೆದುಹಾಕಿತು. ವಸತಿ ಕೊಡುವವರು, ಶಿಕ್ಷಣ ಸಂಸ್ಥೆಗಳು, ಆಸ್ಪತ್ರೆಗಳು ವಿದೇಶೀಯರ ಮಾಹಿತಿಯನ್ನು ಒಪ್ಪಿಸತಕ್ಕದ್ದೆಂದಿತು. ತಾನು ವಿದೇಶೀಯನಲ್ಲವೆಂದು ಸಾಧಿಸುವ ಭಾರ ಆ ವ್ಯಕ್ತಿಯದೇ ಎಂಬ 1946ರ ತತ್ತ್ವವನ್ನು ಹೊಸ ಕಾಯಿದೆಯೂ ಮುಂದುವರಿಸಿದೆ. ದೇಶದ ಎಲ್ಲೆಯನ್ನು ಕಾಯುವುದು ರಾಜ್ಯದ ಪ್ರಥಮ ಧರ್ಮ. ಅದಕ್ಕೆ ಯಾರ ಆಕ್ಷೇಪವೂ ಇರಕೂಡದು. ಆದರೆ ಬಂಗಾಲಿ ಮಾತಾಡುವ ಗಾರೆಯವನನ್ನು ಕಂಡೊಡನೆ, ಅವನು ಪಶ್ಚಿಮ ಬಂಗಾಲದ ಯಾವುದೋ ಹಳ್ಳಿಯವನಾಗಿರಬಹುದೆಂಬ ವಿಚಾರವನ್ನೂ ಮಾಡದೆ, ಗಡಿಯಾಚೆಯವನೆಂದು ಶಂಕಿಸಿ ಖೋಲಿ ಖಾಲಿ ಮಾಡಿಸುವುದು ಕಾಯಿದೆಯ ಪಾಲನೆಯಲ್ಲ, ಅದರ ದುರುಪಯೋಗ. ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳನ್ನು ನಿಲ್ಲಿಸಲು, ಗದಗ-ಬೆಟಗೇರಿಯ ಹೊಸ ಮನೆಗಳಿಗೆ ಫರಸಿ ಹಾಸಲು, ಹೊಟೆಲುಗಳಲ್ಲಿ ಅಡಿಗೆ ಮಾಡಲು ಹೊರ ರಾಜ್ಯಗಳ ಯುವಕರು ಬಂದಿರುವ ಈ ಜಿಲ್ಲೆಯಲ್ಲಿ, ನಾವು ಅಲ್ಲಿ ವಲಸಿಗರೂ ಇಲ್ಲಿ ಮಾಲಕರೂ ಆಗಿದ್ದೇವೆ. ಅತ್ತ ಅಮೆರಿಕೆಯ ಅಧ್ಯಕ್ಷರು 2025ರ ಸೆಪ್ಟೆಂಬರಿನಲ್ಲಿ ಎಚ್-1ಬಿ ವೀಸಾದ ಹೊಸ ಅರ್ಜಿಗೆ ಒಂದು ಲಕ್ಷ ಡಾಲರುಗಳ ಶುಲ್ಕವನ್ನು ಹೇರಿದಾಗ ಮಗನ ಭವಿಷ್ಯಕ್ಕಾಗಿ ನಿದ್ದೆಗೆಟ್ಟ ತಂದೆತಾಯಿಗಳು ನಮ್ಮ ಊರುಗಳಲ್ಲಿಯೂ ಇರುವಾಗ, ಪರವೂರಿನಲ್ಲಿ ದುಡಿಯುವ ಮಗನ ಅಳುಕು ಎಂಥದೆಂಬುದನ್ನು ನಮಗೆ ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ದೊಡ್ಡ ಶಾಸನವನ್ನು ಕಾಯುತ್ತ ಕೂಡುವ ಅಗತ್ಯವಿಲ್ಲವೆಂಬುದಕ್ಕೆ ಇದೇ ಗದಗ ತಾಲೂಕಿನಲ್ಲಿ ನಿದರ್ಶನವಿದೆ. ಸಹಕಾರಿ ಪತ್ತಿನ ಸಂಘಗಳ ಕಾಯಿದೆಯನ್ನು ಸರಕಾರ ಮಾಡಿದ್ದು 1904ರಲ್ಲಿ. ಮರುವರ್ಷವೇ, 1905ರಲ್ಲಿ, ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಸಂಘ ಕಟ್ಟಿದರು. ಕಾಯಿದೆಯ ಪುಸ್ತಕದಲ್ಲಿದ್ದ ಅಕ್ಷರಗಳು ಆ ಹಳ್ಳಿಯ ವಹಿಯೊಳಗೆ ರೈತನ ಹೆಸರಾಗಿ, ಅವನ ಸಾಲದ ಮೊತ್ತವಾಗಿ, ಅವನ ಪಾವತಿಯಾಗಿ ಇಳಿದದ್ದರಿಂದಲೇ ಅವನು ಸಾಹುಕಾರನ ಬಾಯಿಲೆಕ್ಕದಿಂದ ಪಾರಾದನು. ಇಂದು ಹೊಂಬಳದ ಗ್ರಾಮ ಪಂಚಾಯತಿಯಾಗಲಿ ಬೇರೆ ಯಾವ ಪಂಚಾಯತಿಯಾಗಲಿ ತನ್ನ ಊರಿನಿಂದ ಗುಳೆ ಹೋಗುವ ಪ್ರತಿಯೊಬ್ಬರ ಹೆಸರು, ಹೋಗುವ ಊರು, ಕರೆದೊಯ್ಯುವ ಗುತ್ತಿಗೆದಾರನ ಹೆಸರು ಇವನ್ನು ಒಂದು ವಹಿಯಲ್ಲಿ ಬರೆದು, ಅದರ ನಕಲನ್ನು ಮೊಹರಿನೊಡನೆ ಅವರ ಕೈಗೆ ಕೊಟ್ಟರೆ, ಅದೊಂದೇ ಹಾಳೆ ಗೋವೆಯ ಠಾಣೆಯಲ್ಲಿಯೂ ಮಂಗಳೂರಿನ ಗುತ್ತಿಗೆದಾರನೆದುರಿನಲ್ಲಿಯೂ ಅವರ ಪರವಾಗಿ ಮಾತಾಡುವುದು. ವಲಸೆ ಕಾರ್ಮಿಕರ ನೋಂದಣಿಯನ್ನು ಬೇಗ ಮುಗಿಸಿರೆಂದು ಸರ್ವೋಚ್ಚ ನ್ಯಾಯಾಲಯವು 2021ರ ಜೂನ್ 29ರ ತೀರ್ಪಿನಲ್ಲಿ ಆದೇಶಿಸಿತು. ಅದೇ ವರ್ಷದ ಆಗಸ್ಟ್ 26ರಂದು ಇ-ಶ್ರಮ್ ಜಾಲತಾಣ ಆರಂಭವಾಯಿತು. ಪಂಚಾಯತಿಯ ವಹಿಯನ್ನು ಅದರೊಡನೆ ಜೋಡಿಸುವುದು ಕಷ್ಟದ ಕೆಲಸವಲ್ಲ.

ಬಾಡಿಗೆಯ ಮನೆಗಳಿಗೂ ಒಂದು ಪುಟದ ಸರಳ ಕರಾರು ಸಾಕು. ಖೋಲಿ ಯಾರದು, ಬಾಡಿಗೆಯೆಷ್ಟು, ಮುಂಗಡವೆಷ್ಟು, ನೀರು ಕರೆಂಟುಗಳ ಲೆಕ್ಕ ಹೇಗೆ, ಬಿಡಬೇಕಾದರೆ ಎಷ್ಟು ದಿನ ಮುಂಚೆ ತಿಳಿಸಬೇಕು ಎಂಬಷ್ಟನ್ನು ಬರೆದು ಇಬ್ಬರೂ ಸಹಿ ಹಾಕಿ, ಒಂದು ಪ್ರತಿಯನ್ನು ಮಾಲಕನು, ಒಂದನ್ನು ಬಾಡಿಗೆದಾರನು, ಒಂದನ್ನು ಠಾಣೆಯವರು ಇಟ್ಟುಕೊಳ್ಳಲಿ. ಬಾಡಿಗೆದಾರನಿಗೆ ಹೀಗೆ ಪ್ರತಿ ಕೊಡದ ಮಾಲಕನ ಪರಿಶೀಲನಾ ಅರ್ಜಿಯನ್ನು ಠಾಣೆಯು ಸ್ವೀಕರಿಸತಕ್ಕದ್ದಲ್ಲವೆಂಬ ಒಂದು ನಿಯಮವನ್ನು ರಾಜ್ಯಗಳು ಸೇರಿಸಿದರೆ, ಇಂದು ಒಮ್ಮುಖವಾಗಿ ಹರಿಯುವ ಕಾಗದ ಇಮ್ಮುಖವಾಗುತ್ತದೆ. ಇಂಥ ಸಣ್ಣ ಬಾಡಿಗೆಗಳಿಗೆ ಮುದ್ರಾಂಕ ಶುಲ್ಕವನ್ನು ಮನ್ನಾ ಮಾಡುವುದು ಸರಕಾರಕ್ಕೆ ಭಾರವಾಗದು. ಇದರಿಂದ ಮಾಲಕನಿಗೆ ನಷ್ಟವೆಂದು ಭಾವಿಸುವವರಿದ್ದಾರೆ. ಆದರೆ ಬಾಡಿಗೆ ಕೊಡದೆ ಓಡಿಹೋದವನನ್ನು ಹುಡುಕಲು, ಖೋಲಿಯಲ್ಲಿ ಅಪರಾಧ ನಡೆದಾಗ ತಾನು ನಿರ್ದೋಷಿಯೆಂದು ತೋರಿಸಲು, ತೆರಿಗೆಯವರಿಗೆ ಲೆಕ್ಕ ಕೊಡಲು ಇದೇ ಹಾಳೆ ಮಾಲಕನಿಗೂ ಆಧಾರ. ಆದುದರಿಂದ ನಷ್ಟದ ಆ ಭಯವು ನಿರಾಧಾರ.

ಮುಂದಿನ ಸುಗ್ಗಿ ಮುಗಿದು ಜನ ಮತ್ತೆ ರೈಲು ಹತ್ತುವುದರೊಳಗೆ ಹೊಂಬಳದ ಪಂಚಾಯತಿ ಸದಸ್ಯರು ತಮ್ಮ ಸಾಮಾನ್ಯ ಸಭೆಯಲ್ಲಿ ಗುಳೆಯ ವಹಿಯೊಂದನ್ನು ತೆರೆಯುವ ಠರಾವು ಮಾಡಬೇಕೆಂದೂ, ಗದಗ, ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಪರಪ್ರಾಂತದ ಕೆಲಸಗಾರರಿಗೆ ಖೋಲಿ ಕೊಟ್ಟ ಮಾಲಕರು ಸರಕಾರದ ಅಪ್ಪಣೆಯನ್ನು ಕಾಯದೆ ಈ ತಿಂಗಳ ಬಾಡಿಗೆಯನ್ನು ಎಣಿಸಿಕೊಳ್ಳುವಾಗಲೇ ಅವರ ಕೈಗೆ ಒಂದು ಪಾವತಿ ಬರೆದುಕೊಡಬೇಕೆಂದೂ ನಾನು ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.